ವಿಕಾಸವನ್ನು ಒಪ್ಪದ ಆಸ್ತಿಕರು ನಿಜಕ್ಕೂ ಬೇಡ ಅನ್ನುವುದು ಯಾವುದನ್ನು?

ಅಡಿಟಿಪ್ಪಣಿ

ಈ ವಿಷಯ ಎತ್ತಿದಾಗಲೆಲ್ಲ ಮೊದಲು ಬರುವ ಉತ್ತರ "ಅವರಿಗೆ ವಿಜ್ಞಾನ ಗೊತ್ತಿಲ್ಲ" ಎಂಬುದು. ನನಗೆ ಅದು ಸಾಲದು. ಪರಮಾಣು, ಲಸಿಕೆ, ಉಪಗ್ರಹ, ಡಿಎನ್‌ಎ ಪರೀಕ್ಷೆ ಎಲ್ಲವನ್ನೂ ತಕರಾರಿಲ್ಲದೆ ಒಪ್ಪುವ, ಚೆನ್ನಾಗಿ ಓದಿಕೊಂಡ ಆಸ್ತಿಕರು ಡಾರ್ವಿನ್ ಹೆಸರು ಬಂದಕೂಡಲೇ ಕಾಲೂರಿ ನಿಲ್ಲುತ್ತಾರೆ. ಆವರ್ತ ಕೋಷ್ಟಕದ ಮೇಲೆ ಇಲ್ಲದ ಸಿಟ್ಟು ಇದರ ಮೇಲೇ ಯಾಕೆ? ಅವರು ಬೇಡ ಅನ್ನುವುದು ಜೀವಿಗಳು ಬದಲಾಗುತ್ತವೆ ಅನ್ನುವುದನ್ನೋ, ಅಥವಾ ಆ ಬದಲಾವಣೆ ನಿಸರ್ಗದ ಆಯ್ಕೆಯಿಂದ ಆಗುತ್ತದೆ ಅನ್ನುವುದನ್ನೋ? ಧರ್ಮಶಾಸ್ತ್ರ, ಜೀವವಿಜ್ಞಾನ, ಸಮೀಕ್ಷೆಗಳ ಬಗ್ಗೆ ತಿಳಿದವರು ಬಿಡಿಸಿ ಹೇಳಿ. ಆಸ್ತಿಕರನ್ನು ಹಂಗಿಸುವ ಕಾಮೆಂಟು ದಯವಿಟ್ಟು ಬೇಡ, ಅದಕ್ಕೆ ಬೇರೆ ಥ್ರೆಡ್‌ಗಳು ಬೇಕಾದಷ್ಟಿವೆ.

ಕಪ್ಪುಹಲಗೆ

"ವಿಕಾಸ" ಅನ್ನುವ ಒಂದೇ ಗಂಟಿನಲ್ಲಿ ನಾಲ್ಕು ಬೇರೆ ಬೇರೆ ಮಾತುಗಳಿವೆ. ಭೂಮಿ ಬಹಳ ಹಳೆಯದು, ಸುಮಾರು 454 ಕೋಟಿ ವರ್ಷ. ಎಲ್ಲ ಜೀವಿಗಳಿಗೂ ಸಮಾನ ಪೂರ್ವಜರಿದ್ದಾರೆ. ಮನುಷ್ಯನೂ ಆ ವಂಶವೃಕ್ಷದ ಒಂದು ಕೊಂಬೆ. ಈ ಬದಲಾವಣೆಯ ಮುಖ್ಯ ಯಂತ್ರ ನಿಸರ್ಗದ ಆಯ್ಕೆ, ಅದಕ್ಕೆ ಮುಂಗಾಣ್ಕೆ ಇಲ್ಲ. ಯಾರಾದರೂ "ವಿಕಾಸ ಒಪ್ಪಲ್ಲ" ಎಂದರೆ ಈ ನಾಲ್ಕರಲ್ಲಿ ಯಾವುದಕ್ಕೆ ಎಡವಿದ್ದಾರೆ ಎಂದು ಕೇಳದೆ ಮುಂದೆ ಹೋಗಬೇಡಿ.

ಭೂಮಿಗೆ ಕೆಲವೇ ಸಾವಿರ ವರ್ಷ ಎನ್ನುವ ಅಮೆರಿಕದ "ಎಳೆಯ ಭೂಮಿ"ಯ ಪ್ರಾಟೆಸ್ಟೆಂಟರು ಮೊದಲನೆಯದಕ್ಕೇ ಎಡವುತ್ತಾರೆ. ಅಲ್ಲಿ ಬಿದ್ದ ಮೇಲೆ ಉಳಿದ ಮೂರು ತಾವಾಗಿ ಬೀಳುತ್ತವೆ. ಕ್ಯಾಥಲಿಕ್ ಚರ್ಚಿಗೆ ಮೊದಲ ಎರಡರಲ್ಲಿ ಅಧಿಕೃತ ತಕರಾರಿಲ್ಲ, ಮನುಷ್ಯನ ಆತ್ಮದ ಹತ್ತಿರ ಮಾತ್ರ ಗೆರೆ ಎಳೆಯುತ್ತದೆ. ಬಹುಪಾಲು ಮುಸ್ಲಿಂ ವಿದ್ವಾಂಸರಿಗೆ ಭೂಮಿಯ ವಯಸ್ಸು ಸಮಸ್ಯೆಯೇ ಅಲ್ಲ; ಕುರಾನಿನಲ್ಲಿ ಆರು ದಿನಗಳ ಮಾತಿದೆ, ಆದರೆ ದೇವರ ಬಳಿಯ ಒಂದು ದಿನ ನಿಮ್ಮ ಎಣಿಕೆಯ ಸಾವಿರ ವರ್ಷದ ಹಾಗೆ ಎಂಬ ವಚನವೂ ಅದರಲ್ಲೇ ಇದೆ. ವರ್ಷ ಕೂಡಿಸಿ ಲೆಕ್ಕ ಹಾಕಲು ವಂಶಾವಳಿಯ ಪಟ್ಟಿಯೂ ಅಲ್ಲಿಲ್ಲ. ಅವರ ಗಂಟು ಆದಮನದು, ಅಂದರೆ ದೇವರು ನೇರವಾಗಿ ಸೃಷ್ಟಿಸಿದ ಮೊದಲ ಮನುಷ್ಯನದು. ಪಳೆಯುಳಿಕೆ ತೋರಿಸಿ ಕ್ಯಾಥಲಿಕರ ಜೊತೆ ವಾದಕ್ಕಿಳಿಯುವುದು, ಭೂಮಿಯ ವಯಸ್ಸು ಹಿಡಿದು ಮುಸ್ಲಿಮರ ಜೊತೆ ಗುದ್ದಾಡುವುದು, ಎರಡೂ ತೆರೆದ ಬಾಗಿಲನ್ನು ಒದ್ದ ಹಾಗೆ.

ಹಳೇಒಡಂಬಡಿಕೆ

ಕ್ರೈಸ್ತರ ಕಡೆಯ ತರ್ಕವನ್ನು ಸ್ವಲ್ಪ ವಿವರವಾಗಿ ಹೇಳಬೇಕು. "ಆದಿಕಾಂಡವನ್ನು (ದೇವರು ಆರು ದಿನದಲ್ಲಿ ಸೃಷ್ಟಿಸಿದ ಕಥೆ ಇರುವ ಬೈಬಲ್ಲಿನ ಮೊದಲ ಪುಸ್ತಕ) ಅಕ್ಷರಶಃ ಓದುತ್ತಾರೆ, ಅಷ್ಟೇ" ಎನ್ನುವುದು ಅರ್ಧ ಉತ್ತರ.

ಅಕ್ಷರಶಃ ಓದುವುದೇ ಪ್ರಾಚೀನ ಪದ್ಧತಿ ಎಂಬುದು ಮೊದಲ ತಪ್ಪು ತಿಳಿವಳಿಕೆ. ಐದನೇ ಶತಮಾನದ ಸಂತ ಆಗಸ್ಟೀನನಿಗೇ ಆರು ದಿನಗಳು ಸೂರ್ಯನ ದಿನಗಳಾಗಿ ಕಂಡಿರಲಿಲ್ಲ. ಸೂರ್ಯ ಬರುವುದೇ ನಾಲ್ಕನೇ ದಿನ! ಇನ್ನೊಂದು ತುದಿಯಲ್ಲಿ, 1650ರಲ್ಲಿ ಆರ್ಚ್‌ಬಿಷಪ್ ಅಷರ್ ಬೈಬಲ್ಲಿನ ವಂಶಾವಳಿಗಳ ವಯಸ್ಸನ್ನು ಬೇರೆ ರಾಜ್ಯಗಳ ಇತಿಹಾಸದ ಜೊತೆ ಜೋಡಿಸಿ ಸೃಷ್ಟಿಯ ದಿನವನ್ನು ಕ್ರಿ.ಪೂ. 4004 ಎಂದು ಹಾಕಿದರು. ಈಗ ಅದನ್ನು ನೋಡಿ ನಗುತ್ತೇವೆ, ಆದರೆ ಅವರ ಕಾಲಕ್ಕೆ ಅದು ಶ್ರದ್ಧೆಯಿಂದ ಮಾಡಿದ ವಿದ್ವತ್ತಿನ ಕೆಲಸವೇ.

ಸುಲಭಕ್ಕೆ ಬಿಡಿಸಲಾಗದ ಗಂಟು ಬೈಬಲ್ಲಿನಲ್ಲಿ ಸೇರಿರುವ, ಆದಿ ಕ್ರೈಸ್ತ ಬೋಧಕ ಪೌಲನ ಪತ್ರಗಳಲ್ಲಿದೆ. ರೋಮಾದವರಿಗೆ ಬರೆದ ಪತ್ರದ 5ನೇ ಅಧ್ಯಾಯ, 12ನೇ ವಚನ: ಒಬ್ಬ ಮನುಷ್ಯನಿಂದ ಪಾಪ ಲೋಕಕ್ಕೆ ಬಂತು, ಪಾಪದಿಂದ ಮರಣ ಬಂತು. ಆ ಒಬ್ಬನಿಂದ ಆದ ಕೇಡನ್ನು ಇನ್ನೊಬ್ಬನು, ಅಂದರೆ ಕ್ರಿಸ್ತನು, ಸರಿಪಡಿಸಿದನು ಎಂಬ ಜೋಡಣೆ ಅದರ ಬೆನ್ನಿಗೇ ಇದೆ. ಮನುಷ್ಯನಿಗಿಂತ ಕೋಟ್ಯಂತರ ವರ್ಷ ಮೊದಲೇ ಪ್ರಾಣಿಗಳು ಸತ್ತಿವೆ, ಒಂದನ್ನೊಂದು ತಿಂದಿವೆ, ಪಳೆಯುಳಿಕೆಯ ಮೂಳೆಗಳಲ್ಲಿ ರೋಗದ ಗುರುತೂ ಸಿಗುತ್ತದೆ ಎಂದಾದರೆ ಮರಣ ಪಾಪದ ಫಲ ಹೇಗಾಯಿತು? ಆದಾಮ ಎಂಬ ಒಬ್ಬನೇ ಇರಲಿಲ್ಲವಾದರೆ ಕ್ರಿಸ್ತನು ಬಿಡಿಸಿದ್ದು ಯಾವ ಕಟ್ಟಿನಿಂದ? ಪ್ರಾಣಿಗಳ ಸಾವಿಗೂ ಮನುಷ್ಯನ ಆತ್ಮಿಕ ಮರಣಕ್ಕೂ ವ್ಯತ್ಯಾಸವಿದೆ ಎಂದು ದೇವಶಾಸ್ತ್ರಜ್ಞರು ಉತ್ತರ ಕೊಟ್ಟಿದ್ದಾರೆ. ಆದರೂ ಒಂದು ಇಟ್ಟಿಗೆ ತೆಗೆದರೆ ಇಡೀ ಗೋಡೆ ಅಲುಗುತ್ತದೆ ಎಂಬ ಭಯ ಮೂರ್ಖತನವಲ್ಲ. ಆ ಗೋಡೆ ಕಟ್ಟಿರುವುದೇ ಹಾಗೆ.

ಇಲ್ಲಿ ತಳಿವಿಜ್ಞಾನ ಮತ್ತಷ್ಟು ಬಿಗಿ ಮಾಡಿದೆ. ಇಬ್ಬರು ಮನುಷ್ಯರಲ್ಲಿ ಒಂದು ಜೀನಿನ ಹೆಚ್ಚೆಂದರೆ 4 ರೂಪಗಳು ಇರಲು ಸಾಧ್ಯ. ನಮ್ಮ ರೋಗನಿರೋಧಕ ವ್ಯವಸ್ಥೆಯ ಎಚ್‌ಎಲ್‌ಎ ಜೀನುಗಳಲ್ಲಿ ರೂಪಗಳು ಅದಕ್ಕಿಂತ ಎಷ್ಟೋ ಪಟ್ಟು ಹೆಚ್ಚು. ಅವುಗಳಲ್ಲಿ ಕೆಲವು ಚಿಂಪಾಂಜಿಗಳಲ್ಲೂ ಸಿಗುವಷ್ಟು ಹಳೆಯವು. ನಮ್ಮ ಪೂರ್ವಜರ ಸಂಖ್ಯೆ ಸಾವಿರಗಳ ಲೆಕ್ಕಕ್ಕೆ ಹೊಂದುತ್ತದೆಯೇ ಹೊರತು ಎರಡಕ್ಕಲ್ಲ. 1950ರಲ್ಲಿ ಪೋಪ್ ಹನ್ನೆರಡನೇ ಪಯಸ್ ವಿಕಾಸದ ಚರ್ಚೆಗೆ ಅನುಮತಿ ಕೊಟ್ಟರೂ, ಮನುಷ್ಯಕುಲ ಹಲವು ಮೂಲದಂಪತಿಗಳಿಂದ ಬಂತು ಎಂಬ ಊಹೆಯನ್ನು ಒಪ್ಪುವ ಸ್ವಾತಂತ್ರ್ಯ ವಿಶ್ವಾಸಿಗಳಿಗೆ ಇಲ್ಲವೆಂದರು. ಅದು ಮೂಲಪಾಪದ (ಆದಾಮನ ಪಾಪ ಎಲ್ಲ ಮನುಷ್ಯರಿಗೂ ಅಂಟಿದೆ ಎಂಬ) ಬೋಧನೆಯ ಜೊತೆ ಹೇಗೆ ಹೊಂದುತ್ತದೆಂದು ಕಾಣುವುದಿಲ್ಲ ಎಂಬುದು ಅವರು ಕೊಟ್ಟ ಕಾರಣ. 1996ರಲ್ಲಿ ಎರಡನೇ ಜಾನ್ ಪಾಲ್ ವಿಕಾಸ ಬರಿಯ ಊಹೆಗಿಂತ ಮಿಗಿಲು ಎಂದರು, ಆತ್ಮವನ್ನು ಮಾತ್ರ ದೇವರು ನೇರವಾಗಿ ಸೃಷ್ಟಿಸುತ್ತಾನೆ ಎಂಬ ಗೆರೆ ಉಳಿಸಿಕೊಂಡರು.

ಕೊಕ್ಕಿನಳತೆ

ಮೇಲಿನದ್ದೆಲ್ಲ ಸರಿ, ಆದರೆ ಅಡಿಟಿಪ್ಪಣಿ ಅವರು ಕೇಳಿದ್ದು ನಿಸರ್ಗದ ಆಯ್ಕೆಯ ಬಗ್ಗೆ. ಆಳವಾದ ತೊಡಕು ಅದೇ, ಮತ್ತು ಅದು ಕ್ರೈಸ್ತರಿಗಷ್ಟೇ ಸೇರಿದ್ದಲ್ಲ.

1802ರಲ್ಲಿ ವಿಲಿಯಂ ಪೇಲಿ ಕೊಟ್ಟ ಗಡಿಯಾರದ ವಾದ ಎಲ್ಲರಿಗೂ ಗೊತ್ತು: ಬಯಲಲ್ಲಿ ಗಡಿಯಾರ ಸಿಕ್ಕರೆ ಅದನ್ನು ಮಾಡಿದವನು ಇದ್ದಾನೆ ಎನ್ನುತ್ತೇವೆ, ಕಣ್ಣು ಗಡಿಯಾರಕ್ಕಿಂತ ನಾಜೂಕು. ಡಾರ್ವಿನ್ ಕೇಂಬ್ರಿಜ್‌ನಲ್ಲಿದ್ದಾಗ ಪೇಲಿಯನ್ನು ಮೆಚ್ಚಿ ಓದಿದ್ದರು. ಅವರು ಮುಂದೆ ಕೊಟ್ಟ ಉತ್ತರದ ವಿಶೇಷವೆಂದರೆ ಪೇಲಿ ಬೆರಳು ತೋರಿಸಿದ ನಾಜೂಕನ್ನು ಅಲ್ಲಗಳೆಯಲಿಲ್ಲ. ನಾಜೂಕು ನಿಜ, ಮಾಡಿದವನು ಬೇಕಿಲ್ಲ ಎಂದರು. ಮೂರೇ ಸಂಗತಿ ಸಾಕು: ಒಂದೇ ಜಾತಿಯೊಳಗೆ ವ್ಯತ್ಯಾಸ ಇರಬೇಕು, ಆ ವ್ಯತ್ಯಾಸ ಮರಿಗಳಿಗೆ ದಾಟಬೇಕು, ಅದರಿಂದ ಮರಿಗಳ ಸಂಖ್ಯೆ ಹೆಚ್ಚುಕಡಿಮೆ ಆಗಬೇಕು. ಈ ಮೂರಿದ್ದರೆ ಆಯ್ಕೆ ನಡೆದೇ ನಡೆಯುತ್ತದೆ, ಯಾರೂ ನಡೆಸಬೇಕಾಗಿಲ್ಲ. ಎಷ್ಟೋ ಜನರಿಗೆ ಸಹಿಸಲಾಗದ್ದು ಈ ಕೊನೆಯ ಮಾತು.

ಹಾರ್ವರ್ಡಿನ ಸಸ್ಯವಿಜ್ಞಾನಿ ಏಸಾ ಗ್ರೇ ಅವರನ್ನು ನೋಡಿ. ಪ್ರೆಸ್ಬಿಟೇರಿಯನ್ ಭಕ್ತ, ಅಮೆರಿಕದಲ್ಲಿ ಡಾರ್ವಿನ್ನರ ದೊಡ್ಡ ಬೆಂಬಲಿಗ. ವಂಶವೃಕ್ಷಕ್ಕೆ ಅವರದೇನೂ ಆಕ್ಷೇಪವಿರಲಿಲ್ಲ. ವ್ಯತ್ಯಾಸಗಳನ್ನಾದರೂ ದೇವರು ಒಳ್ಳೆಯ ದಿಕ್ಕಿಗೆ ಹರಿಸಿದ್ದಾನೆ ಎನ್ನೋಣವೇ ಎಂದು ಕೇಳಿದರು. 1868ರ ಪುಸ್ತಕದಲ್ಲಿ ಡಾರ್ವಿನ್ ಉತ್ತರ ಕೊಟ್ಟರು: ಬೆಟ್ಟದಿಂದ ಉರುಳಿಬಿದ್ದ ಕಲ್ಲುಗಳನ್ನು ಆಯ್ದು ಒಬ್ಬ ಮನೆ ಕಟ್ಟುತ್ತಾನೆ. ಒಂದೊಂದು ಕಲ್ಲು ಆ ಆಕಾರಕ್ಕೆ ಒಡೆದದ್ದಕ್ಕೂ ಭೌತಿಕ ಕಾರಣ ಇದೆ. ಆದರೆ ಕಲ್ಲು ಒಡೆದದ್ದು ಮನೆಗಾಗಿ ಅಲ್ಲ. ಅದಕ್ಕೂ ಮೊದಲು, 1860ರ ಮೇ ತಿಂಗಳಲ್ಲಿ, ಗ್ರೇ ಅವರಿಗೇ ಬರೆದ ಪತ್ರದಲ್ಲಿ ಜೀವಂತ ಕಂಬಳಿಹುಳುವಿನ ಒಳಗೆ ಮರಿ ಬೆಳೆಸುವ ಪರಾವಲಂಬಿ ಕಣಜವನ್ನು ಒಬ್ಬ ದಯಾಮಯ ಬೇಕೆಂದೇ ಸೃಷ್ಟಿಸಿದನು ಎಂದು ನಂಬಲು ತನ್ನಿಂದಾಗದು ಎಂದಿದ್ದರು. "ದೇವರು ವಿಕಾಸದ ಮೂಲಕ ಸೃಷ್ಟಿಸಿದ" ಎಂಬ ಸಮಾಧಾನದ ಸೂತ್ರ ವಂಶವೃಕ್ಷಕ್ಕೆ ಸಲೀಸಾಗಿ ಒಪ್ಪುತ್ತದೆ. ನಿಸರ್ಗದ ಆಯ್ಕೆಯ ಹತ್ತಿರ ಬಂದಾಗ, ಇಷ್ಟು ಸಾವು ನೋವಿನ ದಾರಿಯನ್ನೇ ಯಾಕೆ ಹಿಡಿದ ಎಂಬ ಪ್ರಶ್ನೆ ಏಳುತ್ತದೆ.

ಒಂದು ಮಾತು ನ್ಯಾಯಕ್ಕಾಗಿ. ನಿಸರ್ಗದ ಆಯ್ಕೆಯನ್ನು ಆಗ ಅನುಮಾನಿಸಿದವರು ಆಸ್ತಿಕರು ಮಾತ್ರವಲ್ಲ. 1867ರಲ್ಲಿ ಎಂಜಿನಿಯರ್ ಫ್ಲೀಮಿಂಗ್ ಜೆಂಕಿನ್, ತಂದೆತಾಯಿಯ ಗುಣಗಳು ಬಣ್ಣದಂತೆ ಬೆರೆಯುವುದಾದರೆ ಹೊಸ ಗುಣ ಕೆಲವೇ ತಲೆಮಾರಿನಲ್ಲಿ ಕರಗಿಹೋಗುತ್ತದಲ್ಲ ಎಂದು ಕೇಳಿದರು. ಗುಣಗಳು ಬೆರೆಯದೆ ಬಿಡಿಬಿಡಿಯಾಗಿ ದಾಟುತ್ತವೆ ಎಂಬ ಉತ್ತರದ ಬೀಜವನ್ನು ಮೆಂಡೆಲ್ 1866ರಲ್ಲೇ ಪ್ರಕಟಿಸಿದ್ದರೂ ಅದು 1900ರವರೆಗೆ ಯಾರ ಲಕ್ಷ್ಯಕ್ಕೂ ಸರಿಯಾಗಿ ಬರಲಿಲ್ಲ. ಲಾರ್ಡ್ ಕೆಲ್ವಿನ್ ಭೂಮಿಗೆ ಕೆಲವೇ ಕೋಟಿ ವರ್ಷ ಕೊಟ್ಟಿದ್ದರಿಂದ ಸಮಯವೂ ಸಾಲದಾಗಿತ್ತು. ಮೆಂಡೆಲ್ಲರ ತಳಿವಿಜ್ಞಾನವೂ ಡಾರ್ವಿನ್ನರ ಆಯ್ಕೆಯೂ ಒಂದೆಡೆ ಕೂಡಿಬಂದದ್ದು 1930ರ ದಶಕದಲ್ಲಿ. ಕೂಡಿಸಿದವರಲ್ಲಿ ಆಂಗ್ಲಿಕನ್ ಆಗಿದ್ದ ಫಿಶರ್ ಇದ್ದರು, ಆರ್ಥಡಾಕ್ಸ್ ಕ್ರೈಸ್ತರಾದ ಡಾಬ್‌ಜ್ಹಾನ್‌ಸ್ಕಿ ಇದ್ದರು.

ನೇರನುಡಿ

ಇದು ಪಂಡಿತರ ಜಗಳ, ಕ್ಷಮಿಸಿ. ರವಿವಾರ ಚರ್ಚಿಗೆ ಹೋಗುವ ಸಾಮಾನ್ಯ ಮನುಷ್ಯ ರೋಮಾ ಪತ್ರ 5:12 ತೂಗಿ ನೋಡಿ ಡಾರ್ವಿನ್ನನ್ನು ತಿರಸ್ಕರಿಸುವುದಿಲ್ಲ. "ನಮ್ಮವರು ಇದನ್ನು ಒಪ್ಪಲ್ಲ" ಅಷ್ಟೇ. ಧ್ವಜ ಇದ್ದ ಹಾಗೆ. ಇದನ್ನು ಕಟ್ಟಿದ್ದೂ ರಾಜಕೀಯವೇ. ವಿಕಾಸ ಕಲಿಸಿದ್ದಕ್ಕೆ ಸ್ಕೋಪ್ಸ್ ಎಂಬ ಅಮೆರಿಕದ ಶಿಕ್ಷಕನ ಮೇಲೆ ನಡೆದ 1925ರ ವಿಚಾರಣೆಯಲ್ಲಿ ಬ್ರಯನ್ ಎಂಬ ರಾಜಕಾರಣಿ, ಭೂಮಿಗೆ ಆರು ಸಾವಿರ ವರ್ಷ ಎಂದು ವಾದಿಸಿದ್ದು ನೆನಪಿಲ್ಲವೇ?

ಹಳೇಒಡಂಬಡಿಕೆ

@ನೇರನುಡಿ ಬ್ರಯನ್ ಹಾಗೆ ವಾದಿಸಲೇ ಇಲ್ಲ. ಎದುರು ವಕೀಲ ಡ್ಯಾರೋ ಕಟಕಟೆಯಲ್ಲಿ ಕೇಳಿದಾಗ, ಆ ದಿನಗಳು ಇಪ್ಪತ್ನಾಲ್ಕು ಗಂಟೆಯ ದಿನಗಳಾಗಿರಬೇಕಿಲ್ಲ, ದೀರ್ಘ ಅವಧಿಗಳಾಗಿರಬಹುದು ಎಂದೇ ಒಪ್ಪಿಕೊಂಡರು. ಅವರ ಭಯ ಬೇರೆ: "ಬಲಿಷ್ಠನೇ ಉಳಿಯುತ್ತಾನೆ" ಎಂಬ ಮಾತು ಯುದ್ಧಕ್ಕೆ, ಬಡವರ ಕಡೆಗಣನೆಗೆ ನೆಪವಾಗುತ್ತದೆ ಎಂಬುದು. ಸ್ಕೋಪ್ಸ್ ಬಳಸಿದ ಜೀವಶಾಸ್ತ್ರ ಪಠ್ಯದಲ್ಲಿ ಜನಾಂಗಗಳನ್ನು ಮೇಲು ಕೀಳು ಎಂದು ಜೋಡಿಸಿದ ಭಾಗ, ಸುಸಂತಾನಶಾಸ್ತ್ರದ ("ಒಳ್ಳೆಯ" ತಳಿಯವರಿಗೆ ಮಾತ್ರ ಮಕ್ಕಳಾಗಲಿ ಎನ್ನುವ) ಬೋಧನೆ ಎರಡೂ ಇದ್ದವು. ಅವರ ಜೀವವಿಜ್ಞಾನ ತಪ್ಪಾಗಿತ್ತು, ಭಯಕ್ಕೆ ಆಧಾರ ಇತ್ತು.

ಎಳೆಯ ಭೂಮಿಯ ವಾದ ಆಗ ಅಂಚಿನಲ್ಲಿತ್ತು. ಸೆವೆಂತ್ ಡೇ ಅಡ್ವೆಂಟಿಸ್ಟ್ ಪಂಗಡದ ಜಾರ್ಜ್ ಮೆಕ್ರೆಡಿ ಪ್ರೈಸ್ 1923ರಲ್ಲಿ ಇಡೀ ಭೂವಿಜ್ಞಾನವನ್ನು ನೋಹನ ಪ್ರಳಯದಿಂದ ವಿವರಿಸಿ ಬರೆದರು. 1961ರಲ್ಲಿ ವಿಟ್ಕಂ ಎಂಬ ದೇವಶಾಸ್ತ್ರಜ್ಞ, ಮಾರಿಸ್ ಎಂಬ ಜಲ ಎಂಜಿನಿಯರ್ ಸೇರಿ ಅದನ್ನೇ ಹೊಸದಾಗಿ ಬರೆದ ಮೇಲೆ ಅದು ಮುಖ್ಯವಾಹಿನಿಗೆ ಬಂತು. ಅಂದರೆ ನಾವು "ಪುರಾತನ ನಂಬಿಕೆ" ಎಂದುಕೊಳ್ಳುವ ಈ ರೂಪ, ಮನುಷ್ಯ ಬಾಹ್ಯಾಕಾಶಕ್ಕೆ ಹಾರಿದ ವರ್ಷದಲ್ಲಿ ಚಲಾವಣೆಗೆ ಬಂದದ್ದು.

ತಲೆಎಣಿಕೆ

ನೇರನುಡಿ ಅವರ ಉದಾಹರಣೆ ತಪ್ಪಾದರೂ "ಧ್ವಜ" ಎಂಬ ಮಾತಿಗೆ ಸಮೀಕ್ಷೆಗಳ ಬೆಂಬಲವಿದೆ. ಅಮೆರಿಕದ ಮೂರು ಅಂಕಿ ನೋಡಿ.

ಗ್ಯಾಲಪ್ ಎಂಬ ಸಮೀಕ್ಷಾ ಸಂಸ್ಥೆ 1982ರಿಂದ ಒಂದೇ ಪ್ರಶ್ನೆ ಕೇಳುತ್ತಿದೆ. ದೇವರು ಮನುಷ್ಯನನ್ನು ಈಗಿನ ರೂಪದಲ್ಲೇ ಸುಮಾರು ಹತ್ತು ಸಾವಿರ ವರ್ಷದೊಳಗೆ ಸೃಷ್ಟಿಸಿದ ಎಂದವರು ಆಗ ಶೇ. 44, 2024ರಲ್ಲಿ ಶೇ. 37. ದೇವರ ಪಾತ್ರವಿಲ್ಲದೆ ವಿಕಾಸವಾಯಿತು ಎಂದವರು ಶೇ. 9ರಿಂದ ಶೇ. 24ಕ್ಕೆ ಏರಿದ್ದಾರೆ.

ಈಗ ಪ್ಯೂ ಸಂಸ್ಥೆಯ 2018ರ ಪ್ರಯೋಗ. ಒಂದು ಗುಂಪಿಗೆ ಎರಡು ಹಂತದಲ್ಲಿ ಕೇಳಿದರು: ಮೊದಲು "ಮನುಷ್ಯ ವಿಕಾಸ ಹೊಂದಿದನೋ, ಮೊದಲಿನಿಂದ ಹೀಗೇ ಇದ್ದನೋ", ಆಮೇಲೆ ದೇವರ ಪಾತ್ರ. ಇನ್ನೊಂದು ಗುಂಪಿಗೆ "ದೇವರ ಮಾರ್ಗದರ್ಶನದಲ್ಲಿ ವಿಕಾಸ" ಎಂಬ ಆಯ್ಕೆಯನ್ನೂ ಸೇರಿಸಿ ಒಂದೇ ಸಲ ಕೇಳಿದರು. ವಿಕಾಸ ಇಲ್ಲ ಎಂದವರು ಮೊದಲ ಗುಂಪಿನಲ್ಲಿ ಶೇ. 31, ಎರಡನೆಯದರಲ್ಲಿ ಶೇ. 18. ಬಿಳಿಯ ಇವ್ಯಾಂಜೆಲಿಕಲ್ ಪ್ರಾಟೆಸ್ಟೆಂಟರಲ್ಲಿ ಶೇ. 66 ಇದ್ದದ್ದು ಶೇ. 38ಕ್ಕೆ ಇಳಿಯಿತು. ಒಂದು ಪಳೆಯುಳಿಕೆಯನ್ನೂ ತೋರಿಸದೆ, ಪ್ರಶ್ನೆಯ ರಚನೆ ಬದಲಿಸಿದ್ದಕ್ಕೆ ಇಷ್ಟು! ಮೊದಲ ಪ್ರಶ್ನೆಯನ್ನು ಅವರು "ನೀನು ದೇವರ ಕಡೆಯೋ ಅಲ್ಲವೋ" ಎಂದು ಓದಿಕೊಂಡಿದ್ದರು.

ಮೂರನೆಯದು 2012ರದು. "ಮನುಷ್ಯರು ಹಿಂದಿನ ಪ್ರಾಣಿಗಳಿಂದ ಬೆಳೆದು ಬಂದರು, ಸರಿಯೋ ತಪ್ಪೋ" ಎಂದಾಗ ಸರಿ ಎಂದವರು ಶೇ. 48. ಅದೇ ವಾಕ್ಯದ ಮುಂದೆ "ವಿಕಾಸ ಸಿದ್ಧಾಂತದ ಪ್ರಕಾರ" ಎಂದು ಸೇರಿಸಿದಾಗ ಶೇ. 72. ಸಿದ್ಧಾಂತ ಏನು ಹೇಳುತ್ತದೆ ಎಂದು ಬಹಳ ಮಂದಿಗೆ ಗೊತ್ತಿದೆ, ಅದಕ್ಕೆ ಸಹಿ ಹಾಕಲು ಮನಸ್ಸಿಲ್ಲ. "ತಿಳಿಸಿದರೆ ಒಪ್ಪುತ್ತಾರೆ" ಎಂಬ ಹುಮ್ಮಸ್ಸಿನಿಂದ ಹೊರಡುವವರು ಮುಗ್ಗರಿಸುವುದು ಇಲ್ಲೇ.

ಪದಚ್ಛೇದ

ಕನ್ನಡದಲ್ಲಿ ಈ ಚರ್ಚೆಗೆ ಬೇರೆಯದೇ ತೊಂದರೆ ಇದೆ: ನಮ್ಮ ಪದಗಳೇ ವಾದ ಹೂಡುತ್ತವೆ.

"ವಿಕಾಸ" ಎಂದರೆ ಅರಳುವುದು. ಮೊಗ್ಗು ಹೂವಾಗುತ್ತದೆ, ಒಳಗೆ ಮೊದಲೇ ಇದ್ದದ್ದು ಹೊರಗೆ ಬರುತ್ತದೆ, ಕೆಳಗಿನದ್ದು ಮೇಲಾಗುತ್ತದೆ. ಡಾರ್ವಿನ್ ಹೇಳಿದ್ದು ಇದನ್ನಲ್ಲ. ಗುಹೆಯ ಮೀನು ಕಣ್ಣು ಕಳೆದುಕೊಳ್ಳುವುದೂ ವಿಕಾಸವೇ. ಅಂದಹಾಗೆ "ಜಾತಿಗಳ ಉಗಮ" ಪುಸ್ತಕದ 1859ರ ಮೊದಲ ಆವೃತ್ತಿಯಲ್ಲಿ ಅವರು "ಎವಲ್ಯೂಶನ್" ಪದವನ್ನೇ ಬಳಸಿರಲಿಲ್ಲ. ಅದು ಬಂದದ್ದು 1872ರ ಆರನೇ ಆವೃತ್ತಿಯಲ್ಲಿ.

ಅದಕ್ಕೆ "ವಾದ" ಅಂಟಿಸಿ ವಿಕಾಸವಾದ ಮಾಡಿದೆವು. ಅದ್ವೈತವಾದ, ಮಾರ್ಕ್ಸ್‌ವಾದದ ಸಾಲಿನಲ್ಲಿ ಕೂತುಬಿಟ್ಟಿತು. ಆಮೇಲೆ "ಅದೊಂದು ವಾದ ಅಷ್ಟೇ, ಪ್ರತಿವಾದವೂ ಇದೆ" ಎಂದರೆ ಯಾರನ್ನು ದೂರೋಣ? ಗುರುತ್ವವಾದ ಎಂದು ಯಾರೂ ಹೇಳುವುದಿಲ್ಲವಲ್ಲ.

"ಆಯ್ಕೆ" ಎಂದಕೂಡಲೇ ಆರಿಸುವವನು ಯಾರು ಎಂಬ ಪ್ರಶ್ನೆ. ಇದು ನಮ್ಮ ಭಾಷೆಯ ದೋಷ ಮಾತ್ರ ಅಲ್ಲ, 1866ರಲ್ಲಿ, ನಿಸರ್ಗದ ಆಯ್ಕೆಯನ್ನು ತಾವೂ ಸ್ವತಂತ್ರವಾಗಿ ಕಂಡುಕೊಂಡಿದ್ದ ವಾಲೆಸ್ ಅವರೇ ಡಾರ್ವಿನ್ನರಿಗೆ ಪತ್ರ ಬರೆದು ಈ ಪದದಿಂದ ಜನ ಆರಿಸುವವನನ್ನು ಹುಡುಕುತ್ತಿದ್ದಾರೆ, ತತ್ವಜ್ಞಾನಿ ಸ್ಪೆನ್ಸರ್ ಅವರ "ಸರ್ವೈವಲ್ ಆಫ್ ದ ಫಿಟೆಸ್ಟ್" ಬಳಸಿ ಎಂದು ಸಲಹೆ ಕೊಟ್ಟಿದ್ದರು. ಡಾರ್ವಿನ್ 1869ರ ಐದನೇ ಆವೃತ್ತಿಗೆ ಅದನ್ನು ಸೇರಿಸಿದರು, ಹೊಸ ಅನರ್ಥ ಹುಟ್ಟಿತು. ಕನ್ನಡದಲ್ಲಿ ಅದು "ಬಲಿಷ್ಠರ ಉಳಿವು", "ಅರ್ಹರ ಉಳಿವು" ಆಗಿದೆ. ಅರ್ಹತೆ ಎಂಬುದು ನೈತಿಕ ತೂಕದ ಮಾತು. ಉಳಿದವನು ಅರ್ಹ, ಅಳಿದವನು ಅನರ್ಹ ಎಂಬ ಧ್ವನಿ ಬರುತ್ತದೆ. ದಯೆಯೇ ಧರ್ಮದ ಮೂಲ ಎಂದು ನಂಬಿದವರು ಇದನ್ನು ಕೇಳಿ ಮುಖ ತಿರುಗಿಸಿದರೆ ತಪ್ಪು ಅವರದಲ್ಲ. "ಒಗ್ಗಿದ್ದು ಉಳಿಯಿತು" ಎಂದರೆ ಸಾಕು.

ಇನ್ನು "ಮಂಗನಿಂದ ಮಾನವ". ಈ ಎರಡು ಪದ ಮಾಡಿದ ಹಾನಿ ಇಡೀ ಸೃಷ್ಟಿವಾದಿ ಸಾಹಿತ್ಯವೂ ಮಾಡಿಲ್ಲ ಅನ್ನಿಸುತ್ತದೆ. ಚಿಂಪಾಂಜಿಗೂ ನಮಗೂ ಸುಮಾರು 60-70 ಲಕ್ಷ ವರ್ಷ ಹಿಂದೆ ಒಂದೇ ಪೂರ್ವಜ ಇತ್ತು, ಅದು ಇವತ್ತಿನ ಚಿಂಪಾಂಜಿಯಲ್ಲ. "ಹಾಗಾದರೆ ಮಂಗ ಇನ್ನೂ ಯಾಕಿದೆ?" ಎಂಬ ಪ್ರಶ್ನೆಗೆ: ದೊಡ್ಡಪ್ಪನ ಮಕ್ಕಳು ಇನ್ನೂ ಬದುಕಿರುವಾಗ ನೀವು ಹೇಗೆ ಹುಟ್ಟಿದಿರಿ ಎಂದು ಯಾರಾದರೂ ಕೇಳುತ್ತಾರೆಯೇ?

ಮತ್ಸ್ಯಕೂರ್ಮ

ಹಿಂದೂ ಪರಂಪರೆಗೆ ಈ ಸಮಸ್ಯೆಯೇ ಇಲ್ಲ ಎಂದುಕೊಂಡಿದ್ದೇನೆ. ದಶಾವತಾರವೇ ವಿಕಾಸ: ಮೀನು, ಆಮೆ, ಹಂದಿ, ಅರೆಮೃಗ, ಕುಳ್ಳ, ಮನುಷ್ಯ. ಬ್ರಹ್ಮನ ಒಂದು ಹಗಲು 432 ಕೋಟಿ ವರ್ಷ, ಭೂಮಿಗೆ 454 ಕೋಟಿ. ಸರಿಹೋಯಿತಲ್ಲ?

ಕಪ್ಪುಹಲಗೆ

@ಮತ್ಸ್ಯಕೂರ್ಮ ಅವರೇ, ಈ ಹೋಲಿಕೆ 1877ರಲ್ಲಿ ಥಿಯಾಸಫಿ ಎಂಬ ಆಧ್ಯಾತ್ಮಿಕ ಚಳವಳಿಯ ಬ್ಲಾವಟ್ಸ್ಕಿ ಅವರ ಬರಹದಲ್ಲೇ ಸಿಗುತ್ತದೆ, ಅಂದರೆ ಡಾರ್ವಿನ್ ಬಂದ ಮೇಲೆ. ಅದಕ್ಕೂ ಮುಂಚೆ ಅವತಾರಗಳನ್ನು ವಂಶಾವಳಿ ಎಂದು ಓದುವ ರೂಢಿ ಇರಲಿಲ್ಲ. ಆಮೆಯ ಮೊಟ್ಟೆಯಿಂದ ವರಾಹ ಹುಟ್ಟುವುದಿಲ್ಲ. ಅವತಾರ ಎಂದರೆ ಇಳಿದು ಬರುವುದು, ಅದೂ ಒಂದು ಉದ್ದೇಶಕ್ಕಾಗಿ. ನಿಸರ್ಗದ ಆಯ್ಕೆಯಲ್ಲಿ ಇಲ್ಲದ್ದೇ ಆ ಉದ್ದೇಶ. ಇಲ್ಲಿ ನಡೆಯುತ್ತಿರುವುದು ಒಪ್ಪಿಗೆಯ ವೇಷದ ತಪ್ಪು ತಿಳಿವಳಿಕೆ. ನನ್ನ ಲೆಕ್ಕದಲ್ಲಿ ಇದು ನೇರ ವಿರೋಧಕ್ಕಿಂತ ತಿದ್ದಲು ಕಷ್ಟ, ಏಕೆಂದರೆ ಇಲ್ಲಿ ಜಗಳವೇ ಇಲ್ಲ.

ವಿರೋಧವೂ ಇಲ್ಲದಿಲ್ಲ. 1993ರಲ್ಲಿ ಗೌಡೀಯ ವೈಷ್ಣವ ಪರಂಪರೆಯ ಇಬ್ಬರು ಲೇಖಕರು, ಈಗಿನ ರೂಪದ ಮನುಷ್ಯ ಕೋಟ್ಯಂತರ ವರ್ಷಗಳಿಂದ ಇದ್ದಾನೆ ಎಂದು ದಪ್ಪ ಪುಸ್ತಕ ಬರೆದರು. ಎಳೆಯ ಭೂಮಿಗೆ ಪೂರಾ ತಿರುವುಮುರುವು: ಇಲ್ಲಿ ಭೂಮಿಯೂ ಹಳೆಯದು, ಮನುಷ್ಯನೂ ಅಷ್ಟೇ ಹಳಬ. ಧರ್ಮಗ್ರಂಥದ ಕಾಲಗಣನೆ ಉದ್ದವಿದ್ದ ಮಾತ್ರಕ್ಕೆ ತೊಡಕು ತಪ್ಪುವುದಿಲ್ಲ. 2018ರ ಜನವರಿಯಲ್ಲಿ ಕೇಂದ್ರದ ರಾಜ್ಯ ಸಚಿವರೊಬ್ಬರು, ಮಂಗ ಮನುಷ್ಯನಾದದ್ದನ್ನು ನಮ್ಮ ಪೂರ್ವಿಕರು ಯಾರೂ ಕಂಡಿಲ್ಲ, ಬರೆದಿಲ್ಲ ಎಂದಾಗ ದೇಶದ ಮೂರು ವಿಜ್ಞಾನ ಅಕಾಡೆಮಿಗಳು ಒಟ್ಟಿಗೆ ಹೇಳಿಕೆ ಕೊಡಬೇಕಾಯಿತು.

ಬೆಣಚುಕಲ್ಲು

ಯಾರೂ ಮನಸ್ಸಿನ ಕಡೆಗೆ ಬರಲಿಲ್ಲ. ಧರ್ಮಕ್ಕೂ ಮೊದಲು ನಮ್ಮ ತಲೆಯೇ ಒಂದು ಕಡೆ ವಾಲಿದೆ. ಮನೋವಿಜ್ಞಾನಿ ಡೆಬೊರಾ ಕೆಲೆಮನ್ ಮಕ್ಕಳನ್ನು "ಕಲ್ಲು ಯಾಕೆ ಚೂಪಾಗಿದೆ" ಎಂದು ಕೇಳಿದಾಗ ಏಳೆಂಟು ವಯಸ್ಸಿನವರೂ "ಪ್ರಾಣಿಗಳು ಮೇಲೆ ಕೂರದಿರಲಿ ಅಂತ" ಎಂಬಂಥ ಉತ್ತರವನ್ನೇ ಮೆಚ್ಚಿದರು. 2013ರಲ್ಲಿ ಭೌತವಿಜ್ಞಾನಿಗಳಿಗೇ ಯೋಚಿಸಲು ಸಮಯ ಕೊಡದೆ ಕೇಳಿದಾಗ, ಇಂಥ ಉದ್ದೇಶದ ತಪ್ಪು ವಾಕ್ಯಗಳನ್ನು ಅವರೂ ಹೆಚ್ಚಾಗಿ ಸರಿ ಎಂದರು. "ಯಾವುದಕ್ಕಾಗಿ" ಎಂಬ ಪ್ರಶ್ನೆ "ಯಾವುದರಿಂದ" ಎಂಬುದಕ್ಕಿಂತ ಮೊದಲು ನಾಲಿಗೆಗೆ ಬರುತ್ತದೆ.

ಇನ್ನೊಂದು ವಾಲು: ಪ್ರತಿ ಜಾತಿಗೂ ಬದಲಾಗದ ಒಂದು ತಿರುಳಿದೆ ಎಂಬ ಭಾವನೆ. ಹುಲಿತನ, ನಾಯಿತನ. ನಾಸ್ತಿಕರಿಗೂ ಇವೆರಡೂ ಇವೆ. ಧರ್ಮ ಈ ಸಹಜ ಒಲವಿಗೆ ಒಂದು ಹೆಸರು, ಒಂದು ಮುಖ ಕೊಡುತ್ತದೆ.

ಅಡಿಟಿಪ್ಪಣಿ

ಬಹಳ ಉಪಯೋಗವಾಯಿತು. ಈಗ ಕೆಲಸದ ಪ್ರಶ್ನೆ. ಕೇಳುವ ಮನಸ್ಸಿರುವ ಆಸ್ತಿಕರಿಗೆ ನಿಸರ್ಗದ ಆಯ್ಕೆ ಹೇಳಬೇಕು. ದಾಳದ ಆಟ ಒಳ್ಳೆಯದೋ, ಜರಡಿಯ ಹೋಲಿಕೆಯೋ? "ಸಣ್ಣ ಬದಲಾವಣೆ ಒಪ್ಪುತ್ತೇವೆ, ದೊಡ್ಡದು ಒಪ್ಪಲ್ಲ" ಎಂದರೆ ಏನು ಹೇಳಬೇಕು?

ಕೊಕ್ಕಿನಳತೆ

ಎರಡೂ ಹೋಲಿಕೆ ಕುಂಟುತ್ತವೆ, ಎಲ್ಲಿ ಕುಂಟುತ್ತವೆ ಎಂದು ತಿಳಿದು ಬಳಸಿ.

ದಾಳ: 10 ದಾಳವನ್ನು ಒಟ್ಟಿಗೆ ಎಸೆದು ಹತ್ತೂ ಆರು ಬೀಳುವ ಸಂಭವ 6,04,66,176ರಲ್ಲಿ ಒಂದು. ಆರು ಬಿದ್ದ ದಾಳವನ್ನು ಎತ್ತಿಟ್ಟು ಉಳಿದವನ್ನು ಮಾತ್ರ ಮತ್ತೆ ಎಸೆಯುತ್ತ ಹೋದರೆ ಸರಾಸರಿ 16-17 ಎಸೆತದಲ್ಲಿ ಮುಗಿಯುತ್ತದೆ. "ಎಲ್ಲ ಆಕಸ್ಮಿಕದಿಂದ ಆಯಿತೇ?" ಎಂಬ ಪ್ರಶ್ನೆಗೆ ಇದು ಚೆನ್ನಾಗಿ ಉತ್ತರಿಸುತ್ತದೆ, ಗಳಿಸಿದ್ದು ಉಳಿದರೆ ಲೆಕ್ಕವೇ ಬದಲಾಗುತ್ತದೆ ಎಂದು. ಕುಂಟುವುದು ಎಲ್ಲಿ? ಆರು ಬೇಕು ಎಂದು ಮೊದಲೇ ನಿರ್ಧರಿಸಿದವನು ಒಬ್ಬ ಇದ್ದಾನೆ. ಚುರುಕಾದ ಆಸ್ತಿಕರು ತಕ್ಷಣ ಅಲ್ಲೇ ಹಿಡಿಯುತ್ತಾರೆ, ಹಿಡಿಯುವುದು ಸರಿಯೂ ಹೌದು.

ಜರಡಿಯಲ್ಲಿ ಆರಿಸುವವನಿಲ್ಲ, ಅದು ಅದರ ಗುಣ. ಆದರೆ ಜರಡಿಯ ಕಾಳು ಮರಿ ಹಾಕುವುದಿಲ್ಲ. ಮೂರು ಸಂಗತಿಗಳಲ್ಲಿ ಎರಡನೆಯದು, ಗುಣ ಮರಿಗೆ ದಾಟುವುದು, ಕಾಣೆ.

ಹಾಗಾಗಿ ನಿಜವಾದ ಹಕ್ಕಿಗಳೇ ಮೇಲು. ಗಲಾಪಗೋಸ್‌ನ ಡ್ಯಾಫ್ನೆ ಮೇಜರ್ ಎಂಬ ಪುಟ್ಟ ದ್ವೀಪದಲ್ಲಿ ಪೀಟರ್ ಮತ್ತು ರೋಸ್‌ಮೆರಿ ಗ್ರಾಂಟ್ ದಂಪತಿ ಫಿಂಚ್ ಹಕ್ಕಿಗಳನ್ನು ಹಿಡಿದು, ಕೊಕ್ಕು ಅಳೆದು, ಕಾಲಿಗೆ ಉಂಗುರ ತೊಡಿಸಿ ಬಿಡುತ್ತಿದ್ದರು. 1977ರಲ್ಲಿ ಬರ ಬಂತು. ಮೆತ್ತನೆಯ ಸಣ್ಣ ಬೀಜ ಮುಗಿದು ಗಟ್ಟಿ ಬೀಜ ಉಳಿದವು. ಸುಮಾರು 1,200 ಇದ್ದ ಹಕ್ಕಿಗಳು 180ರ ಹತ್ತಿರಕ್ಕೆ ಇಳಿದವು. ಉಳಿದವುಗಳ ಕೊಕ್ಕಿನ ಸರಾಸರಿ ದಪ್ಪ ಸುಮಾರು ಅರ್ಧ ಮಿಲಿಮೀಟರ್ ಹೆಚ್ಚು, ಮರಿಗಳಲ್ಲೂ ಅದು ಉಳಿಯಿತು. ಇಲ್ಲಿ ನಿಧಾನ ಮಾಡಿ: ಯಾವ ಹಕ್ಕಿಯ ಕೊಕ್ಕೂ ಬರಕ್ಕೆ ಹೆದರಿ ಬೆಳೆಯಲಿಲ್ಲ. ತೆಳ್ಳನೆ ಕೊಕ್ಕಿನವು ಸತ್ತವು, ಸರಾಸರಿ ಸರಿಯಿತು. ಕೇಳುಗರಲ್ಲಿ ಬಹಳ ಮಂದಿ "ಹಕ್ಕಿ ತನ್ನನ್ನು ಬದಲಿಸಿಕೊಂಡಿತು" ಎಂದೇ ನೆನಪಿಟ್ಟುಕೊಳ್ಳುತ್ತಾರೆ. ಅವರ ಮಾತಲ್ಲೇ ತಿರುಗಿ ಹೇಳಿಸಿ ನೋಡಿ. 1983ರಲ್ಲಿ ಎಲ್ ನಿನೊ ಮಳೆ ಸುರಿದು ಸಣ್ಣ ಬೀಜ ತುಂಬಿದ ಮೇಲೆ ಗಾಳಿ ಸಣ್ಣ ಕೊಕ್ಕಿನ ಕಡೆಗೆ ತಿರುಗಿತು. ಏಣಿಯೂ ಇಲ್ಲ, ಗುರಿಯೂ ಇಲ್ಲ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಸಾಕ್ಷಿ ಬೇಡ.

ಸಣ್ಣ ಅನುಕೂಲ ಎಷ್ಟು ಬೇಗ ಹರಡುತ್ತದೆ ಎಂದು ಕೇಳಿದರೆ: ಶೇ. 1ರಷ್ಟು ಹೆಚ್ಚು ಸಂತಾನ ಕೊಡುವ ಒಂದು ರೂಪ, ಗುಂಪಿನ ಶೇ. 1ರಿಂದ ಶೇ. 99ಕ್ಕೆ ಏರಲು ಸರಳ ಲೆಕ್ಕದಲ್ಲಿ ಸುಮಾರು 925 ತಲೆಮಾರು ಸಾಕು. ವರ್ಷಕ್ಕೊಂದು ತಲೆಮಾರಿನ ಪ್ರಾಣಿಗೆ ಇದು ಸಾವಿರ ವರ್ಷಕ್ಕೂ ಕಡಿಮೆ.

ಹಳೇಒಡಂಬಡಿಕೆ

"ಸಣ್ಣದು ಸರಿ, ದೊಡ್ಡದು ಇಲ್ಲ" ಎಂಬುದರ ಹಿಂದೆ ಆದಿಕಾಂಡದ "ಅದರದರ ಜಾತಿಗನುಸಾರ" ಎಂಬ ಮಾತಿದೆ. ಇದರಲ್ಲೊಂದು ತಮಾಷೆ: ನೋಹನ ನಾವೆಯಲ್ಲಿ ಜಾಗ ಸಾಲುವುದಿಲ್ಲವೆಂದು ಎಳೆಯ ಭೂಮಿಯ ವಾದಿಗಳು "ಪ್ರತಿ ಬಗೆಗೆ ಒಂದೇ ಜೋಡಿ ಇತ್ತು, ಬೆಕ್ಕಿನ ಜಾತಿಗಳೆಲ್ಲ ಆಮೇಲೆ ಅದರಿಂದ ಕವಲೊಡೆದವು" ಎನ್ನುತ್ತಾರೆ. ಸಿಂಹ, ಚಿರತೆ, ಮನೆಬೆಕ್ಕು ಎಲ್ಲ ಸುಮಾರು ನಾಲ್ಕು ಸಾವಿರ ವರ್ಷದಲ್ಲಿ! ಯಾವ ಜೀವವಿಜ್ಞಾನಿಯೂ ಇಷ್ಟು ವೇಗದ ವಿಕಾಸವನ್ನು ಕೇಳಿಲ್ಲ.

ಮನುಷ್ಯನ ವಿಷಯಕ್ಕೆ ಎರಡನೇ ಕ್ರೋಮೋಸೋಮ್ (ಡಿಎನ್‌ಎ ಹೊತ್ತ ಎಳೆಗಳಲ್ಲಿ ಒಂದು) ತೋರಿಸಿ. ಚಿಂಪಾಂಜಿ, ಗೊರಿಲ್ಲಾ, ಒರಾಂಗುಟಾನ್‌ಗಳಲ್ಲಿ 24 ಜೋಡಿ, ನಮ್ಮಲ್ಲಿ 23. ಒಂದು ಜೋಡಿ ಕಳೆದುಹೋಗಿದ್ದರೆ ಬದುಕುತ್ತಿರಲಿಲ್ಲ, ಎರಡು ಬೆಸೆದಿರಬೇಕು. ನಮ್ಮ ಎರಡನೇ ಕ್ರೋಮೋಸೋಮಿನ ನಡುವೆ, ತುದಿಯಲ್ಲಿ ಮಾತ್ರ ಇರಬೇಕಾದ ಟೆಲೊಮಿಯರ್ ಸರಣಿ ಎದುರುಬದುರಾಗಿ ಸಿಗುತ್ತದೆ. ಕೋಶ ಒಡೆಯುವಾಗ ಕ್ರೋಮೋಸೋಮನ್ನು ಎಳೆಯಲು ಹಿಡಿಯುವ ಭಾಗ ಸೆಂಟ್ರೊಮಿಯರ್; ಕೆಲಸ ನಿಲ್ಲಿಸಿದ ಎರಡನೇ ಸೆಂಟ್ರೊಮಿಯರ್‌ನ ಗುರುತೂ ಇದೆ.

ತಲೆಎಣಿಕೆ

ಆದರೆ ಇದನ್ನು ಮುಸ್ಲಿಂ ಗೆಳೆಯರ ಮುಂದೆ ಮೊದಲೇ ಇಡಬೇಡಿ. ಅವರ ಗೆರೆ ಇರುವುದೇ ಮನುಷ್ಯನ ಹತ್ತಿರ, ಅಲ್ಲಿಂದ ಶುರು ಮಾಡಿದರೆ ಉಳಿದ ಮೂರನ್ನು ಕೇಳುವುದಿಲ್ಲ. 1880ರ ದಶಕದಲ್ಲಿ (ಈಗಿನ ಲೆಬನಾನಿನ) ಟ್ರಿಪೊಲಿಯ ವಿದ್ವಾಂಸ ಹುಸೇನ್ ಅಲ್-ಜಿಸ್ರ್, ವಿಕಾಸ ಖಚಿತವಾಗಿ ಸಾಬೀತಾದರೆ ಕುರಾನಿನ ವಚನಗಳನ್ನು ಅದಕ್ಕೆ ಹೊಂದಿಸಿ ಅರ್ಥೈಸಬಹುದು ಎಂದಿದ್ದರು. ಆ ಬಾಗಿಲು ಪರಂಪರೆಯೊಳಗೇ ಇದೆ. ಈಗಿನ ಗಲಾಟೆಯ ಸಾಮಗ್ರಿಯಲ್ಲಿ ಸಾಕಷ್ಟು ಆಮದು ಮಾಲು: 1980ರ ದಶಕದಲ್ಲಿ ಟರ್ಕಿಯ ಶಿಕ್ಷಣ ಸಚಿವಾಲಯವೇ ಅಮೆರಿಕದ ಪ್ರಾಟೆಸ್ಟೆಂಟ್ ಸೃಷ್ಟಿವಾದಿಗಳ ಬರಹ ಅನುವಾದ ಮಾಡಿಸಿತ್ತು.

ಕಪ್ಪುಹಲಗೆ

ದಾಳದ ಆಟ ಆಡಿಸುವವರಿಗೆ ಒಂದು ಸೂಚನೆ: 10 ದಾಳ ಬೇಡ, 5 ಸಾಕು. ಒಟ್ಟಿಗೆ ಬೀಳುವ ಸಂಭವ 7,776ರಲ್ಲಿ ಒಂದು, ಎತ್ತಿಡುತ್ತ ಹೋದರೆ ಸರಾಸರಿ 13 ಎಸೆತ. ಆಮೇಲೆ ಎರಡನೇ ಸುತ್ತಿನಲ್ಲಿ "ಆರು ಬೇಕು" ಎಂಬ ನಿಯಮ ತೆಗೆದುಹಾಕಿ, ಎಸೆಯುವ ಮೊದಲು ಚೀಟಿ ಎತ್ತಿ ಯಾವ ಅಂಕಿ ಉಳಿಯಬೇಕೆಂದು ನಿರ್ಧರಿಸಿ, ನಾಲ್ಕು ಎಸೆತಕ್ಕೊಮ್ಮೆ ಚೀಟಿ ಬದಲಿಸಿ. ಎತ್ತಿಟ್ಟದ್ದೆಲ್ಲ ಮತ್ತೆ ಆಟಕ್ಕೆ ಬರುತ್ತದೆ. ಆಟ ಯಾವತ್ತೂ ಮುಗಿಯುವುದಿಲ್ಲ, ಆದರೆ ಪ್ರತಿ ಚೀಟಿಯ ಸರದಿ ಮುಗಿಯುವಾಗ ನೋಡಿದರೆ ದಾಳಗಳು ಬಹುಮಟ್ಟಿಗೆ ಆಗಿನ ಚೀಟಿಯ ಕಡೆಗೇ ವಾಲಿರುತ್ತವೆ.